ಹಗಲು ಬಿಚ್ಚಿ, ರಾತ್ರಿ ಒಳಗೆ ಕರೆಯಿರಿ

ಈ ಮಾತನ್ನು ನಮ್ಮ ಕಡೆಯವರಿಗೇ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗುವಾಗ ಕಿಟಕಿಯಿಂದ ನೋಡುತ್ತಾ ಬನ್ನಿ. ಎಷ್ಟು ಮನೆ ಅಂಗಳದಲ್ಲಿ ಒಂದು ಮರ, ಮರಕ್ಕೊಂದು ಸರಪಳಿ, ಸರಪಳಿಗೊಂದು ನಾಯಿ. ಬೆಳಿಗ್ಗೆ ಕಟ್ಟಿದರೆ ಬಿಚ್ಚುವುದು ರಾತ್ರಿ ಎಲ್ಲರ ಊಟ ಆದ ಮೇಲೆ. ಹಗಲೆಲ್ಲ ಕಟ್ಟು, ರಾತ್ರಿಯೆಲ್ಲ ಬಿಡು. ಅಜ್ಜನ ಕಾಲದಿಂದ ಹೀಗೇ ನಡೆದು ಬಂದಿದೆ. ನನ್ನ ಪ್ರಕಾರ ಇದು ಪೂರ್ತಿ ತಿರುಗಬೇಕು. ಹಗಲು ಬಿಚ್ಚಬೇಕು, ರಾತ್ರಿ ಮನೆಯೊಳಗೆ ಮಲಗಿಸಬೇಕು.

ನನಗೂ ಇದು ಮೊದಲೇ ಹೊಳೆದಿದ್ದಲ್ಲ. ಎರಡು ಕೋಳಿ ಸತ್ತ ಮೇಲೆ ಗೊತ್ತಾಗಿದ್ದು.

ನಮ್ಮ ಕೆಂಚನಿಗೆ ಆಗ ಹತ್ತು ತಿಂಗಳು. ತೋಟದ ಲೈನ್ ಮನೆ ಹತ್ತಿರ ಸಿಕ್ಕಿದ ಮರಿ, ಪಕ್ಕಾ ನಾಟಿ. ಬೆಳೆಯುತ್ತಾ ಹೂವಿನ ಮಡಿ ಬಗೆಯುವುದು, ಚಪ್ಪಲಿ ಕಚ್ಚುವುದು ಶುರುವಾಯಿತು. ಎಲ್ಲರಂತೆ ನಾವೂ ಹಲಸಿನ ಮರಕ್ಕೆ ಕಟ್ಟಿದೆವು. ಮೂರೇ ತಿಂಗಳಲ್ಲಿ ಮರದ ಸುತ್ತ ಒಂದೆಳೆ ಹುಲ್ಲಿಲ್ಲದ ದುಂಡನೆ ಜಾಗ ಆಯಿತು. ಕೊರಳಲ್ಲಿ ಸರಪಳಿ ಉಜ್ಜಿದ ಕಡೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಆ ದುಂಡಿನಿಂದ ನಾಲ್ಕು ಮಾರು ಆಚೆಗೇ ನಮ್ಮ ಕೋಳಿಗಳು ದಿನವಿಡೀ ಕೆದಕಿಕೊಂಡು ಓಡಾಡುತ್ತಿದ್ದವು. ಕಣ್ಣೆದುರೇ ಓಡುತ್ತವೆ, ಎಟುಕುವುದಿಲ್ಲ. ದಿನಾ ಎಳೆದಾಡಿ ಎಳೆದಾಡಿ ಅದರ ತಲೆಯಲ್ಲಿ ಕೋಳಿ ಬಿಟ್ಟು ಬೇರೇನೂ ಉಳಿದಿರಲಿಲ್ಲ ಅನ್ನಿಸುತ್ತದೆ. ಒಂದು ಮಧ್ಯಾಹ್ನ ಕೊಂಡಿ ಕಳಚಿಕೊಂಡಿತು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎರಡು ಹ್ಯಾಟೆ ಮುಗಿದಿದ್ದವು. ಅದರಲ್ಲೊಂದು ಇನ್ನೇನು ಮೊಟ್ಟೆಗೆ ಬರುವುದರಲ್ಲಿತ್ತು. ಕೆಂಚ ತಿಂದೂ ಇರಲಿಲ್ಲ. ಬಾಯಿಗೆ ಪುಕ್ಕ ಅಂಟಿಸಿಕೊಂಡು, ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು.

ಪಕ್ಕದ ತೋಟದ ಹಿರಿಯರು ಬಂದರು. ನಾವೆಲ್ಲ ಅವರನ್ನು ಅಣ್ಣಯ್ಯ ಅಂತಲೇ ಕರೆಯುವುದು. "ಸತ್ತ ಕೋಳೀನ ಅದ್ರ ಕೊರಳಿಗೇ ಕಟ್ಟಿ ಮೂರು ದಿನ ಬಿಡಮ್ಮ. ಜನ್ಮದಲ್ಲಿ ಕೋಳಿ ಮೂಸಲ್ಲ" ಅಂದರು. ಅತ್ತೆ, "ರುಚಿ ಕಂಡ ನಾಯಿ ಕಣೆ ಅದು, ಇನ್ನು ಮನೆಗಾಗಲ್ಲ. ಯಾರಿಗಾದ್ರೂ ಕೊಟ್ಬಿಡು" ಅಂದರು. ಇಬ್ಬರೂ ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಆದರೆ ನನಗೆ ಎರಡೂ ಆಗಲಿಲ್ಲ. ಕೊಳೆಯುವ ಕೋಳಿಯನ್ನು ಕೊರಳಿಗೆ ಕಟ್ಟಿದರೆ ನಾಯಿಗೆ ಏನು ಅರ್ಥವಾಗುತ್ತದೆ? ಈಗ, ಈ ಕ್ಷಣ ಮಾಡಿದ್ದಕ್ಕೆ ಸಿಕ್ಕ ಫಲ ಅದಕ್ಕೆ ತಿಳಿಯುತ್ತದೆ. ನಿನ್ನೆ ಮಾಡಿದ್ದಕ್ಕೆ ಇವತ್ತು ಕೊಟ್ಟ ಏಟು ತಿಳಿಯುವುದಿಲ್ಲ. ನಮ್ಮನ್ನು ಕಂಡರೆ ಹೆದರುವುದು ಕಲಿಯುತ್ತದೆ, ಅಷ್ಟೇ.

ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ ಕಾಫಿ ಕುಡಿದ ತಕ್ಷಣ ಕೆಂಚನನ್ನು ಹಗ್ಗದಲ್ಲಿ ಹಿಡಿದು ತೋಟದಲ್ಲಿ ಎರಡು ಸುತ್ತು. ಅದು ಮೂಸಬೇಕು ಅಂದ ಕಡೆ ನಿಲ್ಲುತ್ತಿದ್ದೆ, ಅವಸರ ಮಾಡುತ್ತಿರಲಿಲ್ಲ. ಸಂಜೆ ಕೋಳಿಗೆ ಕಾಳು ಹಾಕುವ ಹೊತ್ತಿಗೆ ಗೂಡಿನಿಂದ ದೂರದಲ್ಲಿ ಅದೇ ಹಗ್ಗ ಹಿಡಿದು ಕೂರುತ್ತಿದ್ದೆ. ಸೆರಗಿನ ಗಂಟಲ್ಲಿ ಹುರಿದ ಒಣಮೀನಿನ ಚೂರು. ಕೋಳಿಯನ್ನು ಬಿಟ್ಟು ನನ್ನ ಕಡೆ ತಿರುಗಿದರೆ ಒಂದು ಚೂರು. ಮೊದಲ ವಾರ ತಿರುಗಲೇ ಇಲ್ಲ. ಮೈ ನಡುಗಿಸಿಕೊಂಡು ಕುಂಯ್ ಅನ್ನುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ ಸಂಜೆ ಒಂದು ಕ್ಷಣ ನನ್ನ ಮುಖ ನೋಡಿತು. ಆ ಸಂಜೆ ನನಗಾದ ಖುಷಿ ಹೇಳಲಾರೆ. ಆಮೇಲೆ ದಿನಕ್ಕೆ ಒಂದೊಂದು ಹೆಜ್ಜೆ ಹತ್ತಿರ. ಒಂದೂವರೆ ತಿಂಗಳಿಗೆ ಹಗ್ಗ ನೆಲದಲ್ಲಿ ಎಳೆದುಕೊಂಡು ಹೋಗಲು ಬಿಟ್ಟೆ. ನಾನಿಲ್ಲದಾಗ ಕೋಳಿ ಜೊತೆ ಒಂದೇ ಬಿಟ್ಟಿದ್ದು ಐದು ತಿಂಗಳ ಮೇಲೆ. ಎಲ್ಲ ನಾಯಿಗೂ ಇಷ್ಟೇ ಸಾಕು ಅನ್ನುವುದಿಲ್ಲ. ಕೆಲವಕ್ಕೆ ಜಾಸ್ತಿ ಬೇಕು, ಕೆಲವನ್ನು ಕೋಳಿ ಜೊತೆ ಒಂಟಿಯಾಗಿ ಬಿಡಲು ಕೊನೆವರೆಗೂ ಆಗದೇ ಇರಬಹುದು. ಆಗ ನಡುವೆ ಬೇಲಿ ಹಾಕಿ, ಸರಪಳಿ ಬೇಡ.

ಈಗ ನಮ್ಮ ಹಿತ್ತಲಿಗೆ ಬಂದರೆ ನೀವೇ ನೋಡಬಹುದು. ಚುಕ್ಕಿ ಅಂತ ಒಂದು ಕೋಳಿ ಇದೆ, ಕಾವಿಗೆ ಕೂತರೆ ಎತ್ತಿದರೂ ಏಳುವುದಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಗಿರಿರಾಜ ತಳಿ ಸಾಕಿದವರಿಗೆ ಗೊತ್ತು, ಆ ಕೋಳಿಗಳು ಕಾವಿಗೆ ಕೂರುವುದು ಕಡಿಮೆ. ಮೊಟ್ಟೆ ತಂದು ನಾಟಿ ಕೋಳಿ ಕೆಳಗೇ ಇಡಬೇಕು. ಹಾಗೆ ಚುಕ್ಕಿ ಕೆಳಗೆ ಹನ್ನೊಂದು ಇಟ್ಟಿದ್ದೆ. 21 ದಿನಕ್ಕೆ ಒಂಬತ್ತು ಮರಿ ಬಂದವು. ಅವನ್ನು ಅಂಗಳಕ್ಕೆ ಬಿಟ್ಟ ದಿನ ಕೆಂಚ ಜಗಲಿ ಮೆಟ್ಟಿಲ ಮೇಲೆ ಮುಂಗಾಲಿಗೆ ಗದ್ದ ಊರಿ ಮಲಗಿತ್ತು. ಕೋಳಿಗೆ ಎರಡು ಥರದ ಕೂಗಿದೆ, ಗಮನಿಸಿದ್ದೀರಾ? ಹಾವೋ ಮುಂಗುಸಿಯೋ ನೆಲದ ಮೇಲೆ ಬಂದರೆ ಕೊಕ್ ಕೊಕ್ ಕೊಕ್ಕೋಕ್ ಅಂತ ಬಡಿದುಕೊಳ್ಳುತ್ತವೆ. ಗಿಡುಗ ಬಂದರೆ ಬೇರೆ, ಉದ್ದಕ್ಕೆ ಎಳೆದ ಸಣ್ಣ ದನಿ. ಅಂದು ಚುಕ್ಕಿ ಆ ಎಳೆದ ದನಿ ತೆಗೆಯಿತು. ಮರಿಗಳು ಕೆಸುವಿನ ಎಲೆ ಕೆಳಗೆ ಮಾಯ. ಕೆಂಚ ನೆಲ ನೋಡಲಿಲ್ಲ. ಎದ್ದವನೇ ಕತ್ತೆತ್ತಿ ಆಕಾಶಕ್ಕೆ ಬೊಗಳಿದ. ಗಿಡುಗ ಅಡಿಕೆ ಮರದ ಮಟ್ಟಕ್ಕೆ ಇಳಿದದ್ದು ತಿರುಗಿಕೊಂಡು ಹೋಯಿತು. ಯಾವ ಕೂಗಿಗೆ ಮೇಲೆ ನೋಡಬೇಕು ಅಂತ ಯಾರು ಕಲಿಸಿದರು ಅದಕ್ಕೆ? ಕಟ್ಟಿ ಹಾಕಿದ್ದರೆ ಎಲ್ಲಿ ಕಲಿಯುತ್ತಿತ್ತು?

"ಕಟ್ಟದಿದ್ದರೆ ಹೂದೋಟ ಉಳಿಯಲ್ಲ" ಅನ್ನುವವರಿಗೆ ಒಂದು ಮಾತು. ನನಗೂ ಡೇರೆ ಹೂ ಅಂದರೆ ಜೀವ. ಮೊದಲ ಮಳೆಗೆ ಗಡ್ಡೆ ಇಟ್ಟರೆ ಗೌರಿ ಹಬ್ಬದ ಹೊತ್ತಿಗೆ ಅಂಗಳ ತುಂಬಬೇಕು. ಮಡಿಯ ಸುತ್ತ ಮರಗಸಿಯ, ಅಂದರೆ ತೋಟದ ನೆರಳು ಮರದ ಕೊಂಬೆ ಸವರಿದಾಗ ಸಿಗುವ, ಕಡ್ಡಿಗಳನ್ನು ಒತ್ತೊತ್ತಾಗಿ ಚುಚ್ಚುತ್ತೇನೆ, ನಾಯಿ ಕಾಲಿಡುವುದಿಲ್ಲ. ಹಸಿ ಕೋಳಿ ಗೊಬ್ಬರ ಹಾಕಿದರೆ ಗಿಡವೂ ಸುಡುತ್ತದೆ, ನಾಯಿಯೂ ವಾಸನೆಗೆ ಬಂದು ಬಗೆಯುತ್ತದೆ. ಒಣ ಎಲೆ ಜೊತೆ ನಾಲ್ಕು ತಿಂಗಳು ರಾಶಿ ಹಾಕಿ ಕೊಳೆಸಿ ಹಾಕಿದರೆ ಎರಡೂ ತಂಟೆ ಇಲ್ಲ. ಕೋಳಿಗಳನ್ನು ತರಕಾರಿ ಮಡಿ ಕಡೆ ಬಿಡುವುದು ಸಂಜೆ ನಾಲ್ಕೂವರೆ ಮೇಲೆ ಮಾತ್ರ. ಒಂದು ಗಂಟೆ ಹುಳು ಹೆಕ್ಕುತ್ತವೆ, ಕತ್ತಲಾಗುತ್ತಿದ್ದ ಹಾಗೆ ತಾವೇ ಗೂಡಿಗೆ ಬರುತ್ತವೆ. ಜೊತೆಗೆ ಕೆಂಚನಿಗೆ ಅಂತಲೇ ಬಚ್ಚಲ ಹಿಂದೆ ಮರಳಿನ ಒಂದು ಜಾಗ ಬಿಟ್ಟಿದ್ದೇನೆ. ಬಗೆಯಲಿ, ಅದಕ್ಕೂ ಆಸೆ ಇರುತ್ತದೆ ಅಲ್ವಾ?

ಇನ್ನು ರಾತ್ರಿಯ ವಿಷಯ. ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ನಮ್ಮ ಕಡೆ ಚಿರತೆಗೆ ನಾಯಿ ಕೊಡದ ಮನೆ ಕಡಿಮೆ. ಮೊಳೆ ಹೊಡೆದ ಪಟ್ಟಿ ಕೊರಳಿಗೆ ಹಾಕಿ ರಾತ್ರಿ ಹೊರಗೆ ಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಬರೀ ಪಟ್ಟಿ ಬಿದ್ದಿರುತ್ತದೆ. ನಾಲ್ಕು ದಿನ ಬೇಜಾರು, ಆಮೇಲೆ ಇನ್ನೊಂದು ಮರಿ. ಕಾವಲಿಗೆ ಬೇಕಲ್ಲ ಅನ್ನುತ್ತಾರೆ. ಕೆಂಚ ಮಲಗುವುದು ಅಡುಗೆಮನೆ ಬಾಗಿಲ ಒಳಗೆ, ಗೋಣಿಚೀಲದ ಮೇಲೆ. ಗೂಡಿನ ಹತ್ತಿರ ಕಾಡುಬೆಕ್ಕು ಸುಳಿದರೂ ಅಲ್ಲಿಂದಲೇ ಬೊಗಳುತ್ತದೆ, ನಾವು ಎದ್ದು ಲೈಟ್ ಹಾಕುತ್ತೇವೆ. ಕಾವಲು ಅಂದರೆ ಕೂಗಿ ಎಬ್ಬಿಸುವುದು. ಅದರ ಜೀವ ಕೊಡಿಸುವುದಲ್ಲ.

ಬಿಚ್ಚಿ ಬಿಟ್ಟ ನಾಯಿ ಉಣುಗು ಹತ್ತಿಸಿಕೊಂಡು ಬರುತ್ತದೆ ಅನ್ನುವ ಭಯ ಸುಳ್ಳಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಕಂಡಿದ್ದು, ನಮ್ಮ ಜಿಲ್ಲೆಯಲ್ಲೂ ಜನರನ್ನು ತೆಗೆದುಕೊಂಡಿದೆ. ಅದನ್ನು ಹರಡುವುದು ಕಾಡಿನ ಉಣುಗು. ಅದಕ್ಕೇ ಕೆಂಚನನ್ನು ಕಾಡಂಚಿಗೆ ಬಿಡುವುದಿಲ್ಲ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೆಳಕು ಬಿಟ್ಟು ನೋಡುತ್ತೇನೆ, ಉಣುಗಿನ ಔಷಧಿಯೂ ತಪ್ಪಿಸುವುದಿಲ್ಲ. ವರ್ಷಕ್ಕೊಂದು ರೇಬೀಸ್ ಲಸಿಕೆ. ಕೋಳಿಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೊಂದು ಹನಿ.

ಇಡೀ ದಿನ ಕಟ್ಟಿ ಹಾಕಿ, ಓಡಾಡಿಸದೆ ಇಡುವುದು ಕಾನೂನಿನ ಪ್ರಕಾರವೂ ತಪ್ಪೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದನ್ನು ಹಿಂಸೆ ಅಂತಲೇ ಬರೆದಿದ್ದಾರೆ. ಆದರೆ ಕಾನೂನು ಹೇಳಿ ಯಾರನ್ನೂ ಹೆದರಿಸುವ ಇಷ್ಟ ನನಗಿಲ್ಲ. ಹತ್ತಿರ ಕೂತು ತೋರಿಸಿದರೆ ಜನ ಕೇಳುತ್ತಾರೆ.

ಹೋದ ವಾರ ಅಣ್ಣಯ್ಯ ಫೋನ್ ಮಾಡಿ, "ನಮ್ದನ್ನೂ ಬಿಚ್ಚಿ ನೋಡಣ, ಒಂಚೂರು ಬಾಮ್ಮ" ಅಂದರು. ಅವರ ನಾಯಿಗೆ ಆರು ವರ್ಷ. ಕೋಳಿಗಳನ್ನು ಗೂಡಿಗೆ ಹಾಕಿ, ಗೇಟ್ ಮುಚ್ಚಿ, ಸರಪಳಿ ಬಿಚ್ಚಿದರು. ನಾಯಿ ಎದ್ದು ನಡೆಯಿತು. ಹುಲ್ಲಿಲ್ಲದ ದುಂಡು ಮುಗಿಯುವ ಕಡೆ ಬಂದು ನಿಂತುಬಿಟ್ಟಿತು. ಕೊರಳಲ್ಲಿ ಏನೂ ಇಲ್ಲ, ಆದರೂ ಅಲ್ಲೇ ನಿಂತಿದೆ. ಅಣ್ಣಯ್ಯ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಎರಡು ಮಾರು ದೂರದಲ್ಲಿ ಹುಲ್ಲಿನ ಮೇಲೆ ಕೂತು, "ಬಾ ಮಗ, ಬಾ" ಅಂತ ಕೈ ಚಾಚಿದರು. ಅವರ ಮನೆಯ ಅಕ್ಕ ತಂದಿಟ್ಟ ಕಾಫಿ ಆರಿ ತಣ್ಣಗಾಯಿತು, ಅವರು ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಒಂದು ಕಾಲು ಹುಲ್ಲಿನ ಮೇಲೆ ಇಟ್ಟಿತು.