ಹದಿನೆಂಟು ಸೆಂಟು ಮಳೆ

ಮಾರ್ಚ್ ಬಂತೆಂದರೆ ಕೊಡಗಿನಲ್ಲಿ ಫೋನು ಎತ್ತಿದವರು ಮೊದಲು ಆರೋಗ್ಯ ವಿಚಾರಿಸುವುದಿಲ್ಲ. ‘ನಿಮ್ಮಲ್ಲಿ ಎಷ್ಟು?’ ಅಂತ ಕೇಳುತ್ತಾರೆ. ಕೇಳುತ್ತಿರುವುದು ಮಳೆಯನ್ನು. ‘ಅರವತ್ತು ಸೆಂಟು. ನಿಮಗೆ?’ ‘ಹದಿನೆಂಟೇ.’ ಆಮೇಲೆ ಆ ಕಡೆಯಿಂದ ಒಂದು ಅಯ್ಯೋ. ಮನೆಯವರೆಲ್ಲ ಹೇಗಿದ್ದಾರೆ ಎಂಬುದು ಅದಾದ ಮೇಲಿನ ಮಾತು.

ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟು. ಅಂದರೆ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಸರ್ಕಾರ, ಟಿವಿ ಎಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ತೋಟಗಳು ಮಾತ್ರ ಇಂಚು, ಸೆಂಟು ಬಿಟ್ಟಿಲ್ಲ. ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯದಿದ್ದರೆ ಕೆಲವರಿಗೆ ತಿಂಡಿ ಸೇರುವುದಿಲ್ಲ. ಹುಚ್ಚಲ್ಲ ಅದು. ಕಾಫಿ ಹೂ ಚೆನ್ನಾಗಿ ಅರಳಲು ಸುಮಾರು ಒಂದು ಇಂಚು ಹೂಮಳೆ ಬೇಕು. ಹದಿನೆಂಟು ಸೆಂಟು ಸುರಿದು ನಿಂತುಬಿಟ್ಟರೆ ಮಳೆ ಬಾರದಿರುವುದಕ್ಕಿಂತ ಕಷ್ಟ. ಮೊಗ್ಗು ಅರ್ಧ ಎದ್ದು ಬಿಸಿಲಿಗೆ ಒಣಗುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರಿರಬೇಕು. ಹಾಗಾಗಿ ಇಲ್ಲಿ ಸೆಂಟಿಗೆ ಬೆಲೆ ಇದೆ.

ಜಾಗಕ್ಕೂ ಇದೇ ಸೆಂಟು, ಎಕರೆಯಲ್ಲಿ ನೂರರಲ್ಲೊಂದು ಪಾಲು. ‘ಐದು ಸೆಂಟು ಸಿಕ್ಕಿತು’ ಅಂದರೆ ಮಳೆಯೋ ಸೈಟೋ ಎಂಬುದನ್ನು ಹೇಳಿದವರ ಮುಖ ನೋಡಿ ತಿಳಿಯಬೇಕು.

ಸಣ್ಣದನ್ನು ಹೇಳಲು ಇಂಗ್ಲಿಷಿನಲ್ಲಿ ಪದಗಳಿಗೆ ಬರ ಇಲ್ಲ. ಟೈನಿ, ಮೈನ್ಯೂಟ್, ಮಿನಿಸ್ಕ್ಯೂಲ್, ಮೈಕ್ರೋಸ್ಕೋಪಿಕ್. ಆದರೆ ಟೈನಿಗಿಂತ ಮಿನಿಸ್ಕ್ಯೂಲ್ ಎಷ್ಟು ಸಣ್ಣದು? ಕೇಳಿದರೆ ಇಂಗ್ಲಿಷ್ ಮೇಷ್ಟ್ರೂ ತಲೆ ಕೆರೆದುಕೊಳ್ಳುತ್ತಾರೆ. ಈ ಪದಗಳಿಗೆ ಗೆರೆ ಎಳೆದ ಗಾಜಿನ ಅಳತೆ ಇಲ್ಲ. ತುಟಿ ಬಿಗಿದು ‘ಟೀನಿ’ ಅಂದರೆ ಇನ್ನೂ ಸಣ್ಣದಾದ ಹಾಗೆ ಕೇಳುತ್ತದೆ, ಅಷ್ಟೇ. ನಮ್ಮ ಕಿರಿ, ಚಿಟಿಕೆಗಳಿಗೂ ಆ ‘ಇ’ಕಾರದ್ದೇ ಸಹಾಯ ಅಲ್ವಾ?

ಆ ಲೆಕ್ಕದಲ್ಲಿ ‘ಸ್ಮಾಲ್’ ಎಂಬುದು ಸುಳ್ಳು ಹೇಳುವ ಪದ. ಬಾಯಿ ಅಗಲಿಸದೆ ಅದನ್ನು ಹೇಳಲಾಗುವುದಿಲ್ಲ. ಕೊಡಗಿನಲ್ಲಿ ಅದು ಗುಣವೂ ಅಲ್ಲ, ವಸ್ತು. ‘ಒಂದು ಸ್ಮಾಲ್ ತಗೊಳ್ಳಿ’ ಅಂದರೆ 30 ಎಂ.ಎಲ್., ಲಾರ್ಜ್ ಅಂದರೆ 60. ಮದುವೆ ಮನೆಗಳಲ್ಲಿ ಸ್ಮಾಲ್‌ಗಿಂತ ಸಣ್ಣ ಅಳತೆಯೂ ಒಂದಿದೆ, ಡ್ರಾಪ್. ಔಷಧದ ಲೆಕ್ಕದಲ್ಲಿ ಒಂದು ಎಂ.ಎಲ್.ಗೆ ಸುಮಾರು 20 ಡ್ರಾಪ್. ಹಿರಿಯರು ಗ್ಲಾಸು ಮುಂದೆ ಚಾಚಿ ‘ಒಂದೇ ಡ್ರಾಪ್ ಸಾಕು ಮಗಾ’ ಅನ್ನುತ್ತಾರೆ. ಬಾಟಲಿ ಎತ್ತಲು ಮಾತ್ರ ಬಿಡುವುದಿಲ್ಲ. ಆ ಡ್ರಾಪ್ ಎರಡು ಬೆರಳು ಎತ್ತರಕ್ಕೆ ಬಂದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಇದೇ ಹಿರಿಯರು ಮಳೆಯಲ್ಲಿ ಎರಡು ಸೆಂಟು ತಪ್ಪಿ ಬರೆದರೆ ತೋಟದ ಲೆಕ್ಕ ಬರೆಯುವ ರೈಟರನ್ನು ಬಯ್ಯುತ್ತಾರೆ.

ಅಳತೆ ಇರುವ ಸಣ್ಣ ಪದಗಳು ಬೇಕೆಂದರೆ ವಿಜ್ಞಾನದವರ ಹತ್ತಿರ ಹೋಗಬೇಕು. 1960ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತೂಕ ಮತ್ತು ಅಳತೆಗಳ ಸಭೆ ಮೈಕ್ರೋ, ನ್ಯಾನೋ, ಪಿಕೋಗಳಿಗೆ ಜಾಗ ಗೊತ್ತು ಮಾಡಿತು. ಮೈಕ್ರೋ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ನ್ಯಾನೋ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. 1964ರಲ್ಲಿ ಇನ್ನೂ ಕೆಳಗಿಳಿದು ಫೆಮ್ಟೋ, ಅಟ್ಟೋ ಸೇರಿಸಿದರು. ಡೇನಿಷ್ ಭಾಷೆಯ ಹದಿನೈದು, ಹದಿನೆಂಟರಿಂದ ಕಟ್ಟಿದ ಹೆಸರುಗಳಂತೆ, ದಶಮಾಂಶ ಬಿಂದುವಿನ ಆಚೆ ಅಷ್ಟನೇ ಸ್ಥಾನ ಅಂತ. 2022ರಲ್ಲಿ ರೊಂಟೋ, ಕ್ವೆಕ್ಟೋ ಕೂಡ ಬಂದವು. ಇವುಗಳಲ್ಲಿ ನಮ್ಮ ಗೊಬ್ಬರದ ಅಂಗಡಿವರೆಗೆ ಬಂದು ಮುಟ್ಟಿರುವುದು ಎರಡೇ: ಮೈಕ್ರೋ ನ್ಯೂಟ್ರಿಯೆಂಟ್, ನ್ಯಾನೋ ಯೂರಿಯಾ. ಅಂಗಡಿಯಲ್ಲಿ ನೂರು ಕೋಟಿ ಪಾಲನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನ್ಯಾನೋ ಅಂದರೆ ಹೊಸದು, ಅಷ್ಟೇ.

ಸಣ್ಣ ಅನ್ನುವುದಕ್ಕೆ ದುಡ್ಡು ಅಂಟಿಕೊಂಡಾಗ ಪದ ತಾನಾಗಿಯೇ ಖಚಿತವಾಗುತ್ತದೆ. ಕರಿಮೆಣಸಿನ ವ್ಯಾಪಾರಿಯನ್ನು ನೋಡಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲೇ ಉರುಳಿಸಿ, ‘ಪಿನ್‌ಹೆಡ್ ಜಾಸ್ತಿ ಉಂಟು’ ಅನ್ನುತ್ತಾನೆ. ಬಲಿಯದೆ ಗುಂಡುಸೂಜಿಯ ತಲೆಯಷ್ಟೇ ಉಳಿದ ಕಾಳದು. ಮೂರು ಪದದಲ್ಲಿ ನಮ್ಮ ರೇಟು ಇಳಿಯಿತು. ಕಾಫಿ ಕ್ಯೂರಿಂಗಿನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವಾಗ, ಒಡೆದ ಚೂರುಗಳಿಗೆ ಬಿಟ್ಸ್, ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಪೀಬೆರಿ. ಪಿನ್‌ಹೆಡ್ ಮತ್ತು ಬಿಟ್ಸ್ ಕೇಳಿದರೆ ಬೇಸರ, ಪೀಬೆರಿ ಕೇಳಿದರೆ ಸ್ವಲ್ಪ ಹೆಮ್ಮೆ. ಇನ್ನು ಬೆರಿ ಬೋರರ್. ಹೆಣ್ಣು ಹುಳುವಿನ ಉದ್ದ ಒಂದೂವರೆ ಮಿಲಿಮೀಟರಿನ ಆಸುಪಾಸು. ಕಾಫಿ ಕಾಯಿಯ ಹೊಕ್ಕುಳಲ್ಲಿ ಸೂಜಿ ಚುಚ್ಚಿದಂಥ ತೂತು ಮಾಡಿ ಒಳಗೆ ಸಂಸಾರ ಹೂಡುತ್ತದೆ. ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಇದನ್ನು ಟೈನಿ ಎಂದು ಕರೆದ ಬೆಳೆಗಾರ ಇನ್ನೂ ಹುಟ್ಟಿಲ್ಲ.

ಪಾಪ, ಎಲ್ಲಕ್ಕಿಂತ ಹೆಚ್ಚು ಸವೆದ ಪದ ಮಿನಿಟ್. ಇಂಗ್ಲಿಷಿನಲ್ಲಿ ಮೈನ್ಯೂಟ್ ಮತ್ತು ಮಿನಿಟ್ ಬರೆಯುವುದಕ್ಕೆ ಒಂದೇ. ಹಳೆಯ ಲ್ಯಾಟಿನ್ ಪಂಡಿತರು ಅರವತ್ತರಲ್ಲಿ ಒಂದಕ್ಕೆ ಮೊದಲನೇ ಸಣ್ಣ ಪಾಲು ಎಂದರು, ಅದನ್ನು ಮತ್ತೆ ಅರವತ್ತು ಮಾಡಿ ಎರಡನೇ ಸಣ್ಣ ಪಾಲು ಎಂದರು. ಮೊದಲನೆಯದು ಮಿನಿಟ್ ಆಯಿತು. ಎರಡನೆಯದರಲ್ಲಿ ಸಣ್ಣ ಬಿದ್ದುಹೋಗಿ ಬರೀ ‘ಎರಡನೇ’ ಉಳಿಯಿತು, ಅದೇ ಸೆಕೆಂಡ್. ನಮ್ಮ ಪಂಪ್ ಮೆಕ್ಯಾನಿಕ್ ಮೊದಲೆಲ್ಲ ‘ಹತ್ತು ನಿಮಿಷ ಅಣ್ಣಾ, ಬಂದೆ’ ಅನ್ನುತ್ತಿದ್ದ. ಈಗ ‘ಒಂದ್ ಸೆಕೆಂಡ್ ಅಣ್ಣಾ’ ಅನ್ನುತ್ತಾನೆ. ಲೆಕ್ಕ ಹಾಕಿದರೆ 600 ಪಟ್ಟು ಬೇಗ. ಮುಂದೆ ನ್ಯಾನೋ ಸೆಕೆಂಡ್ ಅಂದರೂ ಆಶ್ಚರ್ಯ ಇಲ್ಲ. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವುದೇ ಸುಮಾರು ಒಂದು ಅಡಿ. ಇವನು ಬರಬೇಕಾದ್ದು ಸುಂಟಿಕೊಪ್ಪದಿಂದ.