ಪಂಚೆ ಒಳಗೆ ಬರಬಹುದು, ಉಟ್ಟವರು ಸ್ವಲ್ಪ ನಿಲ್ಲಿ

ಬೆಂಗಳೂರಿನಲ್ಲಿ ಈಗ ಹಳ್ಳಿಯವರ ಥರ ಕಾಣಬೇಕೆಂದರೆ ಕಡಿಮೆ ಅಂದರೂ ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಬೇಕು. ಹಳ್ಳಿಯವರೇ ಆಗಿದ್ದರೆ ಅಷ್ಟೆಲ್ಲ ಖರ್ಚಿಲ್ಲ. ಗೇಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ, ಅಷ್ಟೆ.

ಕಬೋರ್ಡಿನೊಳಗೆ ಊರಿಗೆ ಊರೇ ಬಂದು ಕೂತಿದೆ. ಕೈಮಗ್ಗದ ಅಂಗಿ, ಮಣ್ಣಿನ ಬಣ್ಣದ ಲಿನಿನ್ ಪ್ಯಾಂಟು, ಕೌದಿ ಹೊಲಿಗೆಯ ಜಾಕೆಟ್ಟು, ಗುಳೇದಗುಡ್ಡ ಖಣದ ರವಿಕೆ, ಕಂಬಳಿ ಶಾಲು, ಕಾಲಿಗೆ ಚರ್ಮದ ಚಪ್ಪಲಿ, ಹೆಗಲಿಗೆ ಬಟ್ಟೆ ಚೀಲ. ಎಲ್ಲವೂ ಮೆತ್ತಗೆ, ಬೆಚ್ಚಗೆ, ಸ್ವಲ್ಪ ಸುಕ್ಕುಸುಕ್ಕಾಗಿ. ಇದನ್ನೆಲ್ಲ ಹಾಕಿಕೊಂಡರೆ ಬದುಕು ನಿಧಾನವಾಗುತ್ತದಂತೆ. ನಿಧಾನವೇ ಬೇಕಾಗಿದ್ದರೆ ಸಿಲ್ಕ್ ಬೋರ್ಡ್ ಸಿಗ್ನಲ್ ಇತ್ತಲ್ಲ, ಬಿಟ್ಟಿಯಾಗಿ ಸಿಗುತ್ತಿತ್ತು.

2024ರ ಜುಲೈ ನೆನಪಿದೆಯಲ್ವಾ? ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಣವೆಂದು ಮಾಗಡಿ ರಸ್ತೆಯ ಮಾಲ್‌ಗೆ ಬಂದರು. ಟಿಕೆಟ್ ಇತ್ತು. ಬಿಳಿ ಅಂಗಿ, ಬಿಳಿ ಪಂಚೆ ಇತ್ತು. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲ, ಪ್ಯಾಂಟ್ ಹಾಕಿಕೊಂಡು ಬನ್ನಿ ಎಂದು ಗೇಟಿನಲ್ಲಿ ಹೇಳಿದರು. ಅವರೇನು ಹೊಲದಿಂದ ಎದ್ದು ಕಾಲು ಕೂಡ ತೊಳೆಯದೆ ಬಂದವರಲ್ಲ. ನಮ್ಮ ಕಡೆ ಬಿಳಿ ಪಂಚೆ, ಬಿಳಿ ಅಂಗಿ ಎಂದರೆ ಟ್ರಂಕಿನಿಂದ ತೆಗೆದು ಹಾಕಿಕೊಳ್ಳುವ ಬಟ್ಟೆ. ಮದುವೆಗೆ, ಜಾತ್ರೆಗೆ, ಬೀಗರ ಮನೆಗೆ ಹೋಗುವ ಬಟ್ಟೆ. ಮಾಲ್‌ಗೂ ಅಷ್ಟೇ ಮರ್ಯಾದೆ ಕೊಟ್ಟಿದ್ದರು. ಮಂಡಿ ಹರಿದ ಜೀನ್ಸ್ ಹಾಕಿದ ಹುಡುಗರನ್ನು ಯಾವ ಮಾಲ್‌ನ ಗೇಟಿನಲ್ಲೂ ಯಾರೂ ತಡೆದಿದ್ದು ಕೇಳಿಲ್ಲ.

ಆಮೇಲೆ ದೊಡ್ಡ ಗದ್ದಲವಾಯಿತು. ವಿಧಾನಸಭೆಯಲ್ಲಿ ಚರ್ಚೆಯಾಯಿತು. ಮಾಲ್ ಅನ್ನು 7 ದಿನ ಮುಚ್ಚಿಸುತ್ತೇವೆ ಎಂದು ಸರ್ಕಾರ ಹೇಳಿತು. ಆ ಮಾಲ್ ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡಿರುವ ಸುದ್ದಿಯೂ ಅದರ ಬೆನ್ನಿಗೇ ಹೊರಬಿತ್ತು. ನೋಟಿಸು ಮಾಡಲಾಗದ್ದನ್ನು ಒಂದು ಪಂಚೆ ಮಾಡಿತು ಅನ್ನಿ. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲೂ ಹೀಗೇ ಆಗಿತ್ತು. ತಲೆ ಮೇಲೆ ಮೂಟೆ ಹೊತ್ತ ರೈತರೊಬ್ಬರ ಬಟ್ಟೆ ನೋಡಿ ತಡೆದರು. ಜೊತೆಗಿದ್ದ ಪ್ರಯಾಣಿಕರು ಜಗಳ ಮಾಡಿ ಅವರನ್ನು ಒಳಗೆ ಕರೆದುಕೊಂಡು ಹೋದರು.

1931ರಲ್ಲಿ ಗಾಂಧೀಜಿ ಅದೇ ತುಂಡು ಪಂಚೆಯಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ದೊರೆಯನ್ನು ಕಂಡು ಬಂದರು. 1996ರಲ್ಲಿ ಹಾಸನದ ಪಂಚೆಯೊಂದು ದಿಲ್ಲಿಗೆ ಹೋಗಿ ಪ್ರಧಾನಿ ಕುರ್ಚಿಯಲ್ಲೇ ಕೂತಿತು. ಅರಮನೆ ಆಯಿತು, ದಿಲ್ಲಿ ಆಯಿತು, ಮಾಗಡಿ ರಸ್ತೆ ಮಾತ್ರ ಕಷ್ಟವಾಯಿತು. ಇದರಲ್ಲಿ ನಾವೊಬ್ಬರೇ ಅಂತೇನೂ ಇಲ್ಲ. 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆದಿತ್ತು. ತಮಿಳುನಾಡು ಸರ್ಕಾರ ಅದೇ ವರ್ಷ ಕಾನೂನು ತರಬೇಕಾಯಿತು.

ಇಷ್ಟೆಲ್ಲ ಆದ ಮೇಲೂ ಮಾಲ್ ಒಳಗೆ ಪಂಚೆ ಇಲ್ಲವೇ? ಇದೆ. ಎರಡನೇ ಮಹಡಿಯಲ್ಲಿ, ಹಳದಿ ಬೆಳಕಿನ ಕೆಳಗೆ, ಮರದ ಹ್ಯಾಂಗರಿನಲ್ಲಿ ನೇತಾಡುತ್ತಿದೆ. ಸೊಂಟಕ್ಕೆ ಎಲಾಸ್ಟಿಕ್, ಪಕ್ಕಕ್ಕೆ ಮೊಬೈಲ್ ಜೇಬು. ಉಡುವುದು ಬರದಿದ್ದರೂ ಪರವಾಗಿಲ್ಲ, ವೆಲ್ಕ್ರೊ ಅಂಟಿಸಿದರೆ ಆಯಿತು.

ಕಂಬಳಿಯದು ಇನ್ನೊಂದು ಕತೆ. ಚಳ್ಳಕೆರೆ ಕಡೆ ಮಗ್ಗದ ಮುಂದೆ ನಿಂತರೆ ಅದು ಎಷ್ಟು ಒರಟು ಬಟ್ಟೆ ಎಂದು ಗೊತ್ತಾಗುತ್ತದೆ. ಡೆಕ್ಕನಿ ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂಲು ತೆಗೆದು, ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಹೊಸ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ. ಮೈಗೆ ಚುಚ್ಚುತ್ತದೆ, ಕುರಿ ವಾಸನೆ ಹೊಡೆಯುತ್ತದೆ. ಕುರಿ ಕಾಯುವವರಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಮಳೆ ಬಂದರೆ ಒಂದು ಮೂಲೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಅದೇ ಛತ್ರಿ. ಇಂಥ ಉಣ್ಣೆಗೆ ಈಗ ಬೆಲೆ ಇಲ್ಲ. ಮಾಂಸಕ್ಕೆ ಚೆನ್ನಾಗಿ ಬೆಳೆಯುವ ಬೇರೆ ತಳಿ ಸಾಕುವವರೇ ಜಾಸ್ತಿ. ರಾಜಕಾರಣಿಗಳಿಗೆ ವೇದಿಕೆ ಮೇಲೆ ಕಂಬಳಿ ಹೊದಿಸಿ, ಕೈಗೊಂದು ಕುರಿಮರಿ ಕೊಟ್ಟು ಫೋಟೊ ತೆಗೆಸುತ್ತಾರಲ್ಲ, ಅಷ್ಟರ ಮಟ್ಟಿಗೆ ಬೇಡಿಕೆ ಉಳಿದಿದೆ.

ನಗರದ ಕಬೋರ್ಡಿಗೆ ಬರುವ ಕಂಬಳಿ ಹೀಗೆಲ್ಲ ಚುಚ್ಚುವುದಿಲ್ಲ. ಅದಕ್ಕೆ ಮೆತ್ತನೆಯ ಮೆರಿನೊ ಉಣ್ಣೆ ಬೆರೆಸಿ, ಒಳಗೆ ಅಸ್ತರಿ ಕೊಟ್ಟು, ಲ್ಯಾವೆಂಡರ್ ಘಮ ಹಾಕಿ ಕಳಿಸುತ್ತಾರೆ. ಆದರೂ ಒಂದು ತೊಂದರೆ ಉಳಿಯಿತು, ಚಳಿ ಎಲ್ಲಿಂದ ತರುವುದು? ಮಾರ್ಚ್ ಬಂದರೆ ಬೆಂಗಳೂರಿನಲ್ಲೂ ಬೆವರು. ಅದಕ್ಕೆ ಆಫೀಸಿನವರು ಪರಿಹಾರ ಕಂಡುಕೊಂಡರು. ಎಸಿಯನ್ನು 18ಕ್ಕೆ ಇಡುತ್ತಾರೆ, ಆಮೇಲೆ ಎಲ್ಲರೂ ಶಾಲು ಹೊದ್ದು ಕೂರುತ್ತಾರೆ. ಹೊಸ ಎಸಿಗಳು ತಾವಾಗಿಯೇ 24ರಲ್ಲಿ ಶುರುವಾಗಬೇಕು ಎಂದು 2020ರಿಂದ ಕೇಂದ್ರ ಸರ್ಕಾರದ ನಿಯಮವಿದೆ. ನಿಯಮ ಮಾಡಿದವರಿಗೆ ಶಾಲಿನ ವಿಚಾರ ಹೊಳೆದಿರಲಿಲ್ಲ ಅನಿಸುತ್ತದೆ. ಆರು ಡಿಗ್ರಿ ಕರೆಂಟು ಸುಟ್ಟು ಚಳಿ ಮಾಡಿಕೊಂಡು, ಆ ಚಳಿಗೆ ಹಳ್ಳಿಯ ಸರಳ ಬದುಕು ಹೊದ್ದುಕೊಳ್ಳುವುದು. ಪರಿಸರ ಪ್ರೇಮ ಇಷ್ಟು ಬೆಚ್ಚಗೆ ಯಾವತ್ತೂ ಇರಲಿಲ್ಲ.

ಕೌದಿ ನೋಡಿ. ಉತ್ತರ ಕರ್ನಾಟಕದಲ್ಲಿ ಹರಿದ ಸೀರೆ, ಸವೆದ ಧೋತರ, ಮಕ್ಕಳ ಹಳೆ ಅಂಗಿ ಎಲ್ಲ ಒಂದರ ಮೇಲೊಂದು ಹಾಕಿ ಸಾಲು ಹೊಲಿಗೆ ಹಾಕಿದರೆ ಕೌದಿ. ಬಟ್ಟೆ ಎಸೆಯುವಷ್ಟು ಅನುಕೂಲ ಇಲ್ಲದವರು ಕಂಡುಕೊಂಡ ದಾರಿ ಅದು. ಈಗ ಕೌದಿ ಜಾಕೆಟ್ಟಿಗೆ ಬೇಡಿಕೆ ಬಂದು ಹಳೆ ಸೀರೆಗಳೇ ಸಾಲುತ್ತಿಲ್ಲವಂತೆ. ಹಾಗಾಗಿ ಹೊಸ ಬಟ್ಟೆ ತಂದು, ಒಗೆದು ಬಣ್ಣ ಇಳಿಸಿ, ಚೂರು ಮಾಡಿ, ಮತ್ತೆ ಜೋಡಿಸಿ ಹೊಲಿಯುತ್ತಾರೆ. ಬಡತನ ಕೂಡ ಈಗ ಆರ್ಡರ್ ಮೇಲೆ ತಯಾರಾಗುತ್ತದೆ. ಅಳತೆ ಕೊಟ್ಟರೆ ಸಾಕು.

ಪಟಾಪಟಿ ಚಡ್ಡಿಯ ಅದೃಷ್ಟಕ್ಕೆ ಮಾತ್ರ ನನಗೆ ಖುಷಿಯಿದೆ. ಲುಂಗಿ ಎತ್ತಿ ಕಟ್ಟಿದಾಗ ಎರಡು ಬೆರಳಷ್ಟು ಇಣುಕುತ್ತಿದ್ದ, ದುಡ್ಡು ಬೀಡಿ ಎರಡಕ್ಕೂ ಆಗುವಂಥ ದೊಡ್ಡ ಜೇಬಿನ ಆ ಚಡ್ಡಿ ಈಗ ಲುಂಗಿಯ ಹಂಗಿಲ್ಲದೆ ಚರ್ಚ್ ಸ್ಟ್ರೀಟಿನಲ್ಲಿ ಓಡಾಡುತ್ತಿದೆ. ಅಪ್ಪನ ಕಾಲದಲ್ಲಿ ಅದನ್ನು ಕಂಡು ನಾಚಿಕೊಂಡ ಮಗ ಈಗ ಅದನ್ನೇ ಹಾಕಿಕೊಂಡು ಕಾಫಿಗೆ ಹೋಗುತ್ತಾನೆ. ಅಪ್ಪನನ್ನು ಕರೆದುಕೊಂಡು ಹೋಗುತ್ತಾನೋ ಇಲ್ಲವೋ, ಅದು ಬೇರೆ ಮಾತು.

ಪರದೇಶದವರು ನಮಗಿಂತ ಒಂದು ಹೆಜ್ಜೆ ಮುಂದೆ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಎಂಬ ಫ್ಯಾಷನ್ ಕಂಪನಿಯ ಶೋದಲ್ಲಿ ಗಂಡಸರು ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಹಾಕಿಕೊಂಡು ನಡೆದರು. ಬೆಲೆ ಲಕ್ಷ ರೂಪಾಯಿಗೂ ಮೇಲೆ ಎಂದು ಪತ್ರಿಕೆಗಳು ಬರೆದವು. ಎಲ್ಲಿಯ ಚಪ್ಪಲಿ ಎಂಬ ಮಾತು ಮೊದಲು ಬರಲೇ ಇಲ್ಲ. ಗಲಾಟೆ ಎದ್ದ ಮೇಲೆ ಭಾರತದ ಕರಕುಶಲಿಗಳಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿಕೊಂಡರು. ಮಹಾರಾಷ್ಟ್ರದವರು ಸಿಟ್ಟಾದರು, ಸರಿ. ಆದರೆ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ, ಅಂದರೆ ಇಂಥ ವಸ್ತು ಇಂಥ ಊರಿನದು ಎಂಬ ಸರ್ಕಾರಿ ಮುದ್ರೆಯಲ್ಲಿ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ಆ ಚಪ್ಪಲಿ ಹೊಲಿಯುವ ಮನೆಗಳಿವೆ. ನಮ್ಮವರಿಗೆ ಸಿಟ್ಟು ಬರಲು ಸ್ವಲ್ಪ ತಡವಾಯಿತು, ಚಪ್ಪಲಿ ನಮ್ಮದೂ ಹೌದು ಎಂದು ಮೊದಲು ಗೊತ್ತಾಗಬೇಕಿತ್ತಲ್ಲ.

ಅದೇ ವರ್ಷ ಅಮೆರಿಕದ ನಾರ್ಡ್‌ಸ್ಟ್ರಾಮ್ ಅಂಗಡಿ ನಮ್ಮ ದೇಶದ ಬಟ್ಟೆ ಚೀಲವೊಂದನ್ನು 48 ಡಾಲರ್‌ಗೆ, ಅಂದರೆ ಸುಮಾರು 4 ಸಾವಿರ ರೂಪಾಯಿಗೆ ಮಾರಾಟಕ್ಕೆ ಇಟ್ಟಿತು. ಮೇಲೆ ಹಿಂದಿಯಲ್ಲಿ ಕುರುಕಲು ತಿಂಡಿ ಅಂಗಡಿಯ ಹೆಸರು. ನಮ್ಮ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ ತಾಂಬೂಲದ ಚೀಲಗಳನ್ನು ಲೆಕ್ಕ ಹಾಕಿ. ವಧೂವರರ ಹೆಸರು, ಛತ್ರದ ವಿಳಾಸ ಎರಡೂ ಅಚ್ಚಾಗಿರುವ ಚೀಲಕ್ಕೆ ಇನ್ನೂ ಜಾಸ್ತಿ ಬರಬೇಕು.

ಕೈಮಗ್ಗ ಕೊಳ್ಳುವವರನ್ನೆಲ್ಲ ಆಡಿಕೊಳ್ಳುತ್ತಿಲ್ಲ ಮಾರಾಯ್ರೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ಉಡುವವರಿದ್ದಾರೆ. ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸುವ ಕೆಲಸ ಗೊತ್ತಿದ್ದು, ಅದಕ್ಕೆ ತಕ್ಕ ಬೆಲೆ ಕೊಡುವವರಿದ್ದಾರೆ. ಅವರು ಉಟ್ಟು, ಒಗೆದು, ಮತ್ತೆ ಉಡುತ್ತಾರೆ. ಫೋಟೊ ಹಾಕಲು ಮರೆಯುತ್ತಾರೆ.

ನನ್ನ ತಕರಾರು ಇಷ್ಟೇ. ಹಳ್ಳಿಯ ಕಬೋರ್ಡ್ ಮಾಡುತ್ತೇವೆ ಅನ್ನುವವರು ಹಳ್ಳಿಯಲ್ಲಿ ಈಗ ಏನು ಹಾಕುತ್ತಾರೆ ಎಂದು ಒಮ್ಮೆ ನೋಡಿ ಬರಬೇಕಿತ್ತು. ಬೆಳಿಗ್ಗೆ ಹಾಲಿನ ಡೇರಿ ಮುಂದೆ ನಿಲ್ಲಿ. ಗಂಡಸರ ಮೈಮೇಲೆ ಬೀಜದ ಕಂಪನಿ ಬಿಟ್ಟಿ ಕೊಟ್ಟ ಟೀ ಶರ್ಟು, ತಲೆಗೆ ಸಿಮೆಂಟ್ ಕಂಪನಿಯ ಟೋಪಿ. ಹೆಂಗಸರು ನೈಟಿ, ಅದರ ಮೇಲೊಂದು ಟವೆಲ್. ಕಳೆ ಕೀಳಲು ಹೋಗುವಾಗ ಪಾಲಿಸ್ಟರ್ ಸೀರೆ ಮೇಲೆ ಗಂಡನ ಹಳೆ ತುಂಬುತೋಳಿನ ಅಂಗಿ. ಬಿಸಿಲಿಗೂ ಆಯಿತು, ಎಲೆ ಅಂಚು ಕೈ ಕೊಯ್ಯದಂತೆಯೂ ಆಯಿತು. ಸೀರೆ ಮೇಲೆ ಅಂಗಿ ಹಾಕುವುದನ್ನು ಈಗ ನಗರದವರೂ ಕಲಿತಿದ್ದಾರೆ. ನೈಟಿ, ಟವೆಲ್ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಬಿದ್ದ ದಿನ ಅದರ ಬೆಲೆಯೂ ಏರುತ್ತದೆ.

ಮದುವೆಗೆ ಮುಂಚಿನ ಫೋಟೊಶೂಟ್ ನೋಡಿದ್ದೀರಲ್ಲ. ಮಂಡ್ಯ ಕಡೆ ಗದ್ದೆ ಬದುವಿನ ಮೇಲೆ ಹುಡುಗ ರೇಷ್ಮೆ ಪಂಚೆ ಎತ್ತಿ ಕಟ್ಟಿ ನೇಗಿಲು ಹಿಡಿದಿರುತ್ತಾನೆ, ಹುಡುಗಿ ತಲೆ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮೇಕಪ್ ಸಾಮಾನು. ಗದ್ದೆಯ ಯಜಮಾನರು ಮೋಟಾರ್ ಹಾಕಲು ಬರುತ್ತಾರೆ. "ಅಣ್ಣ, ಒಂಚೂರು ಆ ಕಡೆ ಹೋಗ್ತೀರಾ? ಫ್ರೇಮಲ್ಲಿ ಬರ್ತಿದ್ದೀರಿ." ಅವರು ಹೋಗುತ್ತಾರೆ. "ಕರೆಂಟ್ ಮೂರು ಗಂಟೆಗೆ ಹೋಗುತ್ತಪ್ಪ, ಬೇಗ ಮುಗಿಸ್ಕೊಳ್ಳಿ" ಅನ್ನುತ್ತಾರೆ. ಫೋಟೊದಲ್ಲಿ ಹಳ್ಳಿ ತುಂಬ ಚೆನ್ನಾಗಿ ಬಂದಿರುತ್ತದೆ, ಯಾರೂ ಅಡ್ಡ ಬಂದಿರುವುದಿಲ್ಲ.

ಇದರಲ್ಲೆಲ್ಲ ನಿಜವಾದ ಕಷ್ಟ ಗೇಟಿನಲ್ಲಿ ನಿಂತ ಹುಡುಗನದು. ಅವನೂ ರಾಯಚೂರಿನದೋ ಒಡಿಶಾದ್ದೋ ಯಾವುದೋ ಹಳ್ಳಿಯಿಂದ ಬಂದವನು. ಸುಡು ಬಿಸಿಲಲ್ಲಿ ಪಾಲಿಸ್ಟರ್ ಯೂನಿಫಾರ್ಮ್, ಟೈ, ಬೂಟು ಹಾಕಿಕೊಂಡು, ತನ್ನ ಅಪ್ಪನಂತೆ ಕಾಣುವವರನ್ನು ತಡೆಯುವ ಕೆಲಸ ಮಾಡುತ್ತಾನೆ. ಮೊದಲಾದರೆ ಸುಲಭವಿತ್ತು. ಪಂಚೆ ಕಂಡರೆ ತಡೆ, ಪ್ಯಾಂಟ್ ಕಂಡರೆ ಬಿಡು. ಈಗ ಎರಡು ಥರದ ಪಂಚೆ ಬರುತ್ತಿದೆ. ತಪ್ಪಿ ರೈತನನ್ನು ತಡೆದರೆ ವಿಧಾನಸಭೆ, ತಪ್ಪಿ ಗಿರಾಕಿಯನ್ನು ತಡೆದರೆ ಮ್ಯಾನೇಜರು.

ಅವನಿಗೊಂದು ತರಬೇತಿ ಕೊಡಿಸಬೇಕು. ಹಿಮ್ಮಡಿ ನೋಡು, ಒಡೆದಿದ್ದರೆ ಅಸಲಿ. ಅಂಗಿಯ ಕಲೆ ನೋಡು, ಬಾಳೆಕಾಯಿ ಸೊನೆಯಾದರೆ ಅಸಲಿ, ಕಲೆ ಎರಡೂ ತೋಳಿಗೆ ಸಮನಾಗಿದ್ದರೆ ಡಿಸೈನರ್. ಚೀಲದಲ್ಲಿ ಏನಿದೆ ಕೇಳು. ಮಗಳ ಮನೆಗೆ ಒಯ್ಯುವ ಅವರೆಕಾಯಿ ಇದ್ದರೆ ಪಕ್ಕಕ್ಕೆ ನಿಲ್ಲಿಸು. ಇಷ್ಟಕ್ಕೂ ಗೊತ್ತಾಗದಿದ್ದರೆ ಸುಮ್ನೆ ನಿಂತು ಕಾಯಿ. ಹಳ್ಳಿಯವರಾದರೆ ನಿನ್ನ ಮುಖ ನೋಡಿ "ಯಾವೂರಪ್ಪ ನಿಂದು?" ಅಂತ ಕೇಳುತ್ತಾರೆ. ಇನ್ನೊಬ್ಬರು ನಿನ್ನನ್ನು ನೋಡುವುದೇ ಇಲ್ಲ.

ಸಂಕ್ರಾಂತಿ ಬಂತೆಂದರೆ ಐಟಿ ಕಂಪನಿಗಳಿಗೂ ಇದೇ ತಲೆನೋವು. ನಾಲ್ಕನೇ ಮಹಡಿಯಲ್ಲಿ ಹುಲ್ಲಿನ ಪೆಂಡಿ, ಕಬ್ಬಿನ ಜಲ್ಲೆ, ಥರ್ಮೋಕೋಲಿನ ಎತ್ತು ನಿಲ್ಲಿಸಿರುತ್ತಾರೆ. ಎಚ್‌ಆರ್ ವಿಭಾಗದಿಂದ ಹೋಗುವ ಮೇಲ್ ಹೀಗಿರಬಹುದು ಎಂದು ನನ್ನ ಊಹೆ:

"ಎಲ್ಲರೂ ಹಳ್ಳಿ ಉಡುಪಿನಲ್ಲಿ ಬರತಕ್ಕದ್ದು. ಪಂಚೆ, ಲುಂಗಿ, ಇಳಕಲ್ ಸೀರೆ, ಕಂಬಳಿಗೆ ಅವಕಾಶವಿದೆ. ಕಂಬಳಿಯು ವಾಸನೆ ಇಲ್ಲದ್ದಾಗಿರಬೇಕು. ಐಡಿ ಕಾರ್ಡ್ ಕೊರಳಲ್ಲಿ ಕಾಣುತ್ತಿರಬೇಕು, ಶಲ್ಯ ಅದನ್ನು ಮುಚ್ಚಬಾರದು. ಕಾರ್ಡ್ ಕಾಣದಿದ್ದಲ್ಲಿ ಭದ್ರತಾ ಸಿಬ್ಬಂದಿ ತಮ್ಮನ್ನು ಹೌಸ್‌ಕೀಪಿಂಗ್ ಕಡೆಯ ಹಿಂದಿನ ಗೇಟಿಗೆ ಕಳುಹಿಸುವ ಸಾಧ್ಯತೆ ಇದೆ. ಊರಿನಿಂದ ತಂದೆ ತಾಯಿ ಬಂದಿದ್ದಲ್ಲಿ ದಯವಿಟ್ಟು ಕರೆತರಬೇಡಿ. ಅವರಿಗಾಗಿ ಫ್ಯಾಮಿಲಿ ಡೇ ಬೇರೆ ಇದೆ. ಅಂದು ಫಾರ್ಮಲ್ಸ್ ಕಡ್ಡಾಯ."