ತಡೀರಿ, ಕಾಕಾ ಬರ್ಲಿ

ಪ್ರವಾಸಕ್ಕೆ ಎಷ್ಟು ಮಂದಿ ಹೋಗಬೇಕು ಎನ್ನುವುದು ನಮ್ಮ ವಿಜಯಪುರದ ಮುಂಜಾನೆಯ ವಾಕಿಂಗ್ ಮಂಡಳಿಯಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಬಸ್ಸು ಮಾಡಿದರೆ ಐವತ್ತು ಮಂದಿ. ಐವತ್ತು ಮಂದಿ ಎಂದರೆ ನಿಂತ ನಿಂತಲ್ಲಿ ತಲೆ ಎಣಿಸಬೇಕು, ಎಣಿಸಿದಾಗೊಮ್ಮೆ ಒಂದು ತಲೆ ಕಡಿಮೆ ಬೀಳಬೇಕು, ಆ ತಲೆ ಚಹಾದಂಗಡಿಯಲ್ಲಿ ಸಿಗಬೇಕು. ಕಾರು ಮಾಡಿದರೆ ಗಂಡ, ಹೆಂಡತಿ, ಎರಡು ಮಕ್ಕಳು. ಮನೆಯಲ್ಲಿ ಅರ್ಧಕ್ಕೆ ನಿಂತ ಜಗಳ ಕೊಲ್ಹಾರದ ಸೇತುವೆ ಬರುವುದರೊಳಗೆ ಪೂರ್ತಿಯಾಗುತ್ತದೆ. ಒಬ್ಬರೇ ಹೋದರೆ ಬಾದಾಮಿಯಲ್ಲಿ ಮಂಗ್ಯಾ ಚೀಲ ಕಸಿದುಕೊಂಡಾಗ ಕೂಗಿ ಕರೆಯಲಿಕ್ಕೂ ದಿಕ್ಕಿಲ್ಲ. ಹೀಗಾಗಿ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಹನ್ನೆರಡು ಸೀಟು, ಮುಂದೆ ಡ್ರೈವರ್, ಅವನ ಪಕ್ಕದ ಸೀಟಿಗಾಗಿ ಸಣ್ಣದೊಂದು ಮುನಿಸು.

ಪ್ರವಾಸ ಮಾಡಿಸುವವರ ಕರಪತ್ರಗಳಲ್ಲಿ ಈಗ ಮೂರು ಮಾತು ಒಟ್ಟಿಗೇ ಬರುತ್ತವೆ: ಸ್ಥಳೀಯ ಸಂಸ್ಕೃತಿ, ನಿಸರ್ಗ ಸೌಂದರ್ಯ, ಹಗುರವಾದ ಸಾಹಸ. ಮೊದಲ ದಿನ ಇದು, ಎರಡನೆಯ ದಿನ ಅದು ಎಂದು ಹಂಚಿಯೂ ಇಟ್ಟಿರುತ್ತಾರೆ. ಬಾಗಲಕೋಟೆ ಜಿಲ್ಲೆಗೆ ಈ ಹಂಚಿಕೆ ಒಗ್ಗುವುದಿಲ್ಲ. ಬಾದಾಮಿಯಲ್ಲಿ ನೀವು ಏದುಸಿರು ಬಿಡುತ್ತ ಏರುವ ಕಲ್ಲು, ಕಣ್ಣು ತುಂಬ ನೋಡುವ ಕಲ್ಲು, ಚಾಲುಕ್ಯರ ಶಿಲ್ಪಿ ಚಾಣ ಹಿಡಿದ ಕಲ್ಲು, ಎಲ್ಲವೂ ಒಂದೇ ಕೆಂಪು ಕಲ್ಲು. ಯಾವುದನ್ನು ಯಾವ ದಿನಕ್ಕೆ ಹಾಕುತ್ತೀರಿ?

ನನ್ನ ವಾದ ಬೇರೆಯೇ ಇದೆ. ಹನ್ನೆರಡು ಮಂದಿಯ ಗುಂಪು ಎಷ್ಟು ಜೋರಾಗಿ ನಡೆಯಬೇಕು ಎನ್ನುವುದನ್ನು ಠರಾಯಿಸುವುದು ಆ ಗುಂಪಿನ ಎಲ್ಲಕ್ಕಿಂತ ನಿಧಾನದ ಮೊಣಕಾಲು. ಐವತ್ತು ಮಂದಿಯಿದ್ದರೆ ಆ ಮೊಣಕಾಲನ್ನು ಬಸ್ಸಿನಲ್ಲೇ ಕೂರಿಸಿ ಹೋಗುತ್ತಾರೆ. ಹನ್ನೆರಡು ಮಂದಿಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಬುತ್ತಿಯ ಗಂಟು ಆ ಮೊಣಕಾಲಿನ ಮನೆಯಿಂದಲೇ ಬಂದಿರುತ್ತದೆ. ನಮ್ಮಲ್ಲಿ ಆ ಮೊಣಕಾಲು ಕಾಕಾನದು. ನೀರಾವರಿ ಇಲಾಖೆಯಲ್ಲಿ ನಿವೃತ್ತಿಯಾದ ಮನುಷ್ಯ, ಕಾಲುವೆ ದಂಡೆಯ ಮೇಲೆ ಆಯುಷ್ಯವೆಲ್ಲ ನಡೆದವರು. ಸಪಾಟು ನೆಲದ ಮೇಲೆ ಈಗಲೂ ನಮ್ಮನ್ನೆಲ್ಲ ಹಿಂದೆ ಹಾಕುತ್ತಾರೆ. ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ. ಚಾಲುಕ್ಯರು ಸಪಾಟು ನೆಲದವರಲ್ಲ.

ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟುವ ಮೊದಲು ಗಾಡಿ ತಾನಾಗಿಯೇ ನಿಲ್ಲುತ್ತದೆ. ಮಣ್ಣಿನ ಕುಡಿಕೆಯ ಮೊಸರು ತೆಗೆದುಕೊಳ್ಳದೆ ಆ ಊರು ದಾಟಿದವರನ್ನು ನಾನು ಕಂಡಿಲ್ಲ. ಕುಡಿಕೆಯನ್ನು ಬೋರಲು ಹಾಕಿದರೂ ಮೊಸರು ಬೀಳುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಟಿಟಿಯ ಸೀಟಿನ ಮೇಲೆ ಅದನ್ನು ಪರೀಕ್ಷಿಸಲು ಹೊರಟಿದ್ದ ಮಾಸ್ತರರನ್ನು ಹೆಂಗಸರು ಸಮಯಕ್ಕೆ ಸರಿಯಾಗಿ ತಡೆದರು. ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಗೈಡ್ ಗೊತ್ತು ಮಾಡುವ ಖರ್ಚು ಉಳಿಯುತ್ತದೆ. ಬಾಯಿ ಮುಚ್ಚಿಸುವ ಖರ್ಚು ಬೇರೆ.

ನಾವು ಹೋದದ್ದು ಶ್ರಾವಣದಲ್ಲಿ. ಬೇಸಿಗೆಯಲ್ಲಿ ಬಾದಾಮಿಯ ಬಂಡೆ ಕಾದ ಹಂಚು; ಚಪ್ಪಲಿ ಬಿಟ್ಟು ಗವಿಯೊಳಗೆ ಕಾಲಿಡುವವರು ಕುಣಿಯುತ್ತ ಒಳಗೆ ಹೋಗುತ್ತಾರೆ. ಶ್ರಾವಣದಲ್ಲಿ ಗುಡ್ಡದ ಮೇಲೆ ಹಸಿರು ಚಿಗಿತಿರುತ್ತದೆ, ಅಗಸ್ತ್ಯತೀರ್ಥ ತುಂಬಿರುತ್ತದೆ, ಹಿಂದಿನ ರಾತ್ರಿ ದೊಡ್ಡ ಮಳೆಯಾಗಿದ್ದರೆ ಹೊಂಡದ ಆಚೆ ಬಂಡೆಯ ಮೇಲಿನಿಂದ ಅಕ್ಕ-ತಂಗಿ ಎಂಬ ಎರಡು ಧಾರೆ ಒಂದರ ಪಕ್ಕ ಒಂದು ಬೀಳುತ್ತವೆ. ಮಳೆ ನಿಂತ ಮೇಲೆ ಅವುಗಳ ಸಂಸಾರ ಬಹಳ ಹೊತ್ತು ನಡೆಯುವುದಿಲ್ಲ. ನಾವು ಹೋದಾಗ ಅಕ್ಕ ಮಾತ್ರ ಸಣ್ಣಗೆ ಜಿನುಗುತ್ತಿದ್ದಳು. ಅದು ಅಕ್ಕನೋ ತಂಗಿಯೋ ಎಂಬ ಬಗ್ಗೆ ವೈನಿಯವರಿಗೂ ನನ್ನ ಹೆಂಡತಿಗೂ ಒಮ್ಮತವಾಗಲಿಲ್ಲ.

ಮೇಣಬಸದಿ ಎಂದು ಕರೆಯುವ ಬಾದಾಮಿಯ ಗವಿಗುಡಿಗಳ ಮೆಟ್ಟಿಲು ಶುರುವಾದವು. ಮೊದಲ ಗವಿಯ ಹೊರಗೋಡೆಗೇ ಹದಿನೆಂಟು ಕೈಯ ನಟರಾಜನಿದ್ದಾನೆ. ಬಸ್ಸಿನ ಗುಂಪುಗಳು ಬಂದು, ಅವನ ಮುಂದೆ ಸಾಲಾಗಿ ನಿಂತು, ಫೋಟೊ ತೆಗೆಸಿಕೊಂಡು, ಅವನಿಗೇ ಬೆನ್ನು ಮಾಡಿ ಮುಂದಕ್ಕೆ ಹೋದವು. ನಾವು ಹೋಗುವಂತಿರಲಿಲ್ಲ. ಕೆಳಗಿನಿಂದ ಕೋಲಿನ ಟಕ್ ಟಕ್ ಇನ್ನೂ ಕೇಳುತ್ತಿತ್ತು. "ತಡೀರಿ, ಕಾಕಾ ಬರ್ಲಿ" ಎಂದು ಯಾರೋ ಅಂದರು, ಎಲ್ಲರೂ ಕಟ್ಟೆಯ ಮೇಲೆ ಕುಳಿತೆವು. ಕುಳಿತ ಮೇಲೆ ಕೈ ಎಣಿಸದೆ ಮತ್ತೇನು ಮಾಡುವುದು? ಒಬ್ಬರಿಗೆ ಹದಿನೇಳು ಬಂದವು, ಒಬ್ಬರಿಗೆ ಹತ್ತೊಂಬತ್ತು. ಎಣಿಸುತ್ತ ಎಣಿಸುತ್ತ ಒಂದೊಂದು ಕೈಯ ಬೆರಳು ಹೇಗೆ ಬೇರೆ ಬೇರೆ ಮುದ್ರೆಯಲ್ಲಿದೆ, ಕಾಲ ಹತ್ತಿರ ಗಣಪತಿ ಹೇಗೆ ನಿಂತಿದ್ದಾನೆ ಎಂಬುದು ಕಣ್ಣಿಗೆ ಬಿತ್ತು. ಕಾಕಾ ಬಂದು, ಉಸಿರು ಹಿಡಿದು, ಒಂದೇ ಸಲಕ್ಕೆ ಹದಿನೆಂಟು ಎಣಿಸಿದರು. ಇಲಾಖೆಯಲ್ಲಿ ಅಳತೆ ಪುಸ್ತಕ ಬರೆದ ಕೈ.

ಎರಡನೆಯ ಗವಿಗೆ ಮತ್ತೆ ಕಾಯುವಿಕೆ. ಈ ಸಲ ನಾನು ಕುಳಿತ ಬಂಡೆಯ ಮೇಲೆ ಕೈಯಾಡಿಸಿದಾಗ ಸಣ್ಣ ಸಣ್ಣ ಏರಿಳಿತ ಸಿಕ್ಕಿತು. ಯಾರೋ ಕೆತ್ತಿದ್ದಾರೆ ಎಂದುಕೊಂಡೆ. ಮಾಸ್ತರರು ಬಗ್ಗಿ ನೋಡಿ, ಅದು ನೀರು ಮಾಡಿದ್ದು ಎಂದರು. ಬಾದಾಮಿಯದು ಮರಳುಗಲ್ಲು. ಎಣಿಕೆಗೆ ಸಿಗದಷ್ಟು ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕುಳಿತ ಮರಳು ಗಟ್ಟಿಯಾಗಿ ಕಲ್ಲಾಯಿತು, ಅದರಲ್ಲಿದ್ದ ಕಬ್ಬಿಣದ ಅಂಶದಿಂದ ಕೆಂಪಾಯಿತು, ಅಂದು ಮರಳಿನ ಮೇಲೆ ಆಡಿದ ಅಲೆಯ ಗೆರೆ ಹಾಗೇ ಉಳಿಯಿತು. ಪದರು ಮೆತ್ತಗಿದ್ದುದರಿಂದಲೇ ಶಿಲ್ಪಿಯ ಚಾಣ ಅಷ್ಟು ಸಲೀಸಾಗಿ ಓಡಿತು. ಮೂರನೆಯ ಗವಿ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಲೇಶ ಅದನ್ನು 578ರಲ್ಲಿ ಮಾಡಿಸಿದ್ದು ಅಲ್ಲಿಯ ಶಾಸನದಿಂದಲೇ ತಿಳಿಯುತ್ತದೆ, ಹೀಗಾಗಿ ಮಾಸ್ತರರೊಂದಿಗೆ ವಾದಕ್ಕಿಳಿಯುವಂತಿಲ್ಲ. ನಾಲ್ಕನೆಯದು ಜೈನರದು. ಅಲ್ಲಿಂದ ಹೊಂಡದಾಚೆ ಭೂತನಾಥನ ಗುಡಿ ನೀರಿಗಿಳಿದು ನಿಂತಂತೆ ಕಾಣುತ್ತದೆ. ಆದರೆ ನನಗೆ ಆ ನಾಲ್ಕು ಗವಿಗಳ ನಡುವಿನ ಮೆಟ್ಟಿಲುಗಳೇ ಹೆಚ್ಚು ನೆನಪಿವೆ.

ಮಂಗ್ಯಾಗಳ ಬಗ್ಗೆ ಒಂದು ಮಾತು. ಬಾದಾಮಿಯ ಮಂಗ್ಯಾಗಳಿಗೆ ಗುಂಪಿನ ಲೆಕ್ಕ ಚೆನ್ನಾಗಿ ಗೊತ್ತು. ದೊಡ್ಡ ಗುಂಪಿನಲ್ಲಿ ಯಾರ ಚೀಲ ಯಾರ ಕೈಯಲ್ಲಿದೆ ಎಂದು ಚೀಲದವರಿಗೇ ತಿಳಿಯದ ಹೊತ್ತು ನೋಡಿ ಕೈ ಹಾಕುತ್ತವೆ. ನಮ್ಮಲ್ಲಿ ಕಾಕಾನ ಕೋಲು ಹಿಂಬದಿಯ ಕಾವಲಾಗಿತ್ತು. ಹೋದದ್ದು ಒಂದು ಚುರಮುರಿ ಪೊಟ್ಟಣ ಮಾತ್ರ, ಅದೂ ಖಜಾಂಚಿಯವರದು. ಆ ಖರ್ಚನ್ನು ಸಂಘದ ಲೆಕ್ಕಕ್ಕೆ ಹಾಕಬೇಕೆಂದು ಅವರು ಸಂಜೆಯವರೆಗೂ ಹಟ ಹಿಡಿದಿದ್ದರು.

ಮಧ್ಯಾಹ್ನ ಬನಶಂಕರಿ. ಹೋಟೆಲಿನಲ್ಲಿ ಉಣ್ಣುವ ಮಾತೇ ಇಲ್ಲ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಬಳಿ ಜೋಳದ ರೊಟ್ಟಿ, ಸಜ್ಜಿರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಕೆಂಪಿಂಡಿ, ಮೊಸರು. ನಾವು ಒಬ್ಬ ಅಜ್ಜಿಯ ಸುತ್ತ ದುಂಡಗೆ ಕುಳಿತೆವು. ಒಂದು ಬುಟ್ಟಿ ಹನ್ನೆರಡು ಮಂದಿಗೆ ಸರಿಯಾಗುತ್ತದೆ; ಅಜ್ಜಿಗೂ ಬುಟ್ಟಿ ಖಾಲಿಯಾದ ಸಮಾಧಾನ, ನಮಗೂ ಹೊಟ್ಟೆ ತುಂಬಿದ ಸಮಾಧಾನ. "ಎಲ್ಲಾರೂ ಒಂದ ಮನಿಯಾವ್ರೇನ್ರೀ?" ಎಂದು ಕೇಳಿದಳು. ಹೌದು ಎಂದರು ವೈನಿ. "ಹಂಗಾರ ಹಿರ್ಯಾರಿಗೆ ಮದ್ಲ ಹಾಕ್ತೀನಿ" ಎಂದು ಕಾಕಾನ ಅಂಗೈಗೆ ರೊಟ್ಟಿ ಇಟ್ಟು, ಅದರ ಮೇಲೆ ಪಲ್ಯ, ಪಲ್ಯದ ಮೇಲೆ ಕೆಂಪಿಂಡಿ, ಅದನ್ನು ತಣಿಸಲು ಮೊಸರು. ತಟ್ಟೆಯ ಗೊಡವೆಯೇ ಇಲ್ಲ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಇಲ್ಲಿ ನಾಟಕ ಕಂಪನಿಗಳು ಠಿಕಾಣಿ ಹೂಡಿ ರಾತ್ರಿಯೆಲ್ಲ ಆಟ ನಡೆಸುತ್ತವೆ. ಆಗ ಇದೇ ಜಾಗದಲ್ಲಿ ಕೂರಲು ಮೊಳ ಜಾಗ ಸಿಗುವುದಿಲ್ಲ.

ಗುಳೇದಗುಡ್ಡದಲ್ಲಿ ಖಣ ನೇಯುವವರ ಮನೆಗೆ ಹೋದೆವು. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಆ ಕೋಣೆಯಲ್ಲಿ ಮಗ್ಗ, ನೇಕಾರ, ಮತ್ತೆ ಮೂರು-ನಾಲ್ಕು ಮಂದಿಗೆ ಮಾತ್ರ ಜಾಗ. ಸರತಿಯ ಮೇಲೆ ಒಳಗೆ ಹೋದೆವು. ಗಂಡಸರು ಕಟ್ಟೆಯ ಮೇಲೆ ಉಳಿದು, ಈ ಅಂಗೈಯಗಲದ ಕುಪ್ಪಸದ ಬಟ್ಟೆಗೆ ಇಷ್ಟು ಬೆಲೆಯೇ ಎಂದು ಗೊಣಗಿದರು. ಒಳಗೆ ಹೋಗಿ, ಒಂದೊಂದು ಹೂವಿಗೆ ಎಷ್ಟು ಸಲ ಲಾಳಿ ಅತ್ತಿಂದಿತ್ತ ಓಡುತ್ತದೆಂದು ನೋಡಿ ಬಂದ ಖಜಾಂಚಿ ಮಾತ್ರ ಮುಂದೆ ಗೊಣಗಲಿಲ್ಲ. ಮಗಳಿಗೆಂದು ಎರಡು ಕೊಂಡರು. ಸ್ವಂತ ದುಡ್ಡಿನಿಂದ.

ಮರುದಿನ ನಸುಕಿನಲ್ಲಿ ಕರಪತ್ರದವರು ಹೇಳುವ ಆ ಹಗುರ ಸಾಹಸ: ಸಿಡಿಲಫಡಿ. ಬಾದಾಮಿಯಿಂದ ಮುಳ್ಳುಕಂಟಿಯ ನಡುವೆ, ಬಂಡೆಯ ಮೇಲೆ ನಡೆದುಕೊಂಡೇ ಹೋಗಬೇಕು. ಅಲ್ಲಿ ಕಲ್ಲಿನದೇ ಸಹಜ ಕಮಾನು, ಅದರ ಕೆಳಗೆ ಆದಿಮಾನವರು ಇದ್ದು ಹೋದ ಆಸರೆ, ಗೋಡೆಯ ಮೇಲೆ ಮಾಸಿದ ಚಿತ್ರ. ಸಿಡಿಲು ಬಡಿದು ಬಂಡೆಗೆ ತೂತು ಬಿದ್ದಿತೆಂದು ಜನ ಹೇಳುತ್ತಾರೆ. ದಾರಿಯಲ್ಲಿ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡ ಹುಡುಗ ಹುಡುಗಿಯರು ಎದುರಾದರು. "ಈ ಹೊತ್ತಿನ್ಯಾಗ ಮಲಗಾಕ ಎಲ್ಲಿಗೆ ಹೊಂಟಾರ?" ಎಂದು ಕಾಕಾ ಕೇಳಿದರು. ಬಂಡೆ ಏರುವವರು ಕೆಳಗೆ ಬಿದ್ದರೆ ಪೆಟ್ಟಾಗದಿರಲೆಂದು ಹಾಸುವ ಹಾಸಿಗೆ ಅದು ಎಂದು ಒಬ್ಬ ಹುಡುಗ ತಿಳಿಸಿ ಹೇಳಿದ. ಬಾದಾಮಿಯ ಬಂಡೆ ಏರಲು ಹೊರದೇಶದವರೂ ಬರುತ್ತಾರೆ. ಕಾಕಾ ಆ ಹಾಸಿಗೆಯನ್ನು ಮುಟ್ಟಿ ನೋಡಿ, "ನಮಗೂ ಒಂದ ತರಬೇಕಿತ್ತು, ಕುಂದ್ರಾಕ" ಎಂದರು. ಮಿಕ್ಕವರು ಕಮಾನಿನ ತನಕ ಹೋಗಿ ಬರುವವರೆಗೆ ತಾನು ಅರ್ಧದಾರಿಯ ಬಂಡೆಯ ಮೇಲೆ ಕೂರುವುದಾಗಿ ಹೇಳಿದರು. ನಾವು ಒಪ್ಪಲಿಲ್ಲ. ಆಗಾಗ ಕೂತು, ನೀರು ಕುಡಿದು, ದೂರದಲ್ಲಿ ನವಿಲು ಕೂಗಿದ್ದನ್ನು ಕೇಳಿ, ಬಿಸಿಲೇರುವ ಹೊತ್ತಿಗೆ ಹನ್ನೆರಡೂ ಮಂದಿ ಕಮಾನಿನ ಕೆಳಗಿದ್ದೆವು.

ಪಟ್ಟದಕಲ್ಲಿನಲ್ಲಿ ಮೆಟ್ಟಿಲಿಲ್ಲ. ಮಲಪ್ರಭೆಯ ದಂಡೆ, ಹಸಿರು ಹುಲ್ಲು, ಗುಡಿಗಳು ಮಗ್ಗುಲಿಗೆ ಮಗ್ಗುಲು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಜಾಗ. ಇಲ್ಲಿ ಕಾಕಾ ಮುಂದೆ, ನಾವು ಹಿಂದೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಬಂದದ್ದರ ನೆನಪಿಗೆ. ಕಟ್ಟಿದ ಆಚಾರಿ ಗುಂಡ ಅನಿವಾರಿತ. ಅವನ ಹೆಸರೂ ಶಾಸನದಲ್ಲಿದೆ. "ಗಂಡ ಊರಿಗೆ ಹೋಗಿ ಬಂದದ್ದಕ್ಕ ಗುಡಿ ಕಟ್ಟಿಸ್ಯಾಳ ನೋಡ್ರಿ" ಎಂದು ಮಾಸ್ತರರು ಹೆಂಗಸರ ಕಡೆಗೆ ತಿರುಗಿದರು. "ಅಂವ ಕಂಚಿ ಗೆದ್ದು ಬಂದಿದ್ದ. ನೀವು ಪ್ಯಾಟಿಗೆ ಹೋದ್ರ ಕೊತ್ತಂಬರಿ ಮರತ ಬರ್ತೀರಿ" ಎಂದರು ಅವರ ಮನೆಯವರು. ಪಕ್ಕದ ಮಲ್ಲಿಕಾರ್ಜುನ ಗುಡಿ ಲೋಕಮಹಾದೇವಿಯ ತಂಗಿ ತ್ರೈಲೋಕ್ಯಮಹಾದೇವಿಯದು. ಅವಳೂ ಅದೇ ರಾಜನ ರಾಣಿ. ಅಕ್ಕ ಕಟ್ಟಿಸಿದ ಮೇಲೆ ತಂಗಿ ಸುಮ್ಮನೆ ಕೂರುತ್ತಾಳೆಯೇ ಎಂಬ ಚರ್ಚೆ ಮಲ್ಲಿಕಾರ್ಜುನನ ಜಗಲಿಯ ಮೇಲೆ ಅರ್ಧ ತಾಸು ನಡೆಯಿತು. ಇತಿಹಾಸ ಮಾಸ್ತರರ ಕೈತಪ್ಪಿ ಹೋಯಿತು, ನನ್ನ ಮಟ್ಟಿಗೆ ಆಗಲೇ ಅದಕ್ಕೆ ರುಚಿ ಹತ್ತಿದ್ದು.

ಐಹೊಳೆಗೆ ಬರುವಷ್ಟರಲ್ಲಿ ಎಲ್ಲರೂ ದಣಿದಿದ್ದರು. ಲಾಡಖಾನ ಗುಡಿಯ ತಂಪಿನಲ್ಲಿ ಕೆಲವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಮೇಗುತಿಯ ಗುಡ್ಡ ಉಳಿದಿತ್ತು. ಮೇಲಿನ ಗುಡಿಯ ಗೋಡೆಯಲ್ಲಿ 634ರ ಶಾಸನವಿದೆ. ಬರೆದ ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷವೇ ಇಳಿದುಹೋಯಿತು ಎಂದು ಚಮತ್ಕಾರ ಮಾಡಿ, ಕೊನೆಗೆ ತಾನು ಕಾಳಿದಾಸ ಭಾರವಿಯರ ಸಾಲಿನವನು ಎಂದು ತನ್ನ ಬೆನ್ನನ್ನೂ ತಟ್ಟಿಕೊಂಡಿದ್ದಾನೆ. ಇದನ್ನು ಕೆಳಗಿನಿಂದಲೇ ಹೇಳಿ ಮುಗಿಸೋಣ ಎಂದು ಮಾಸ್ತರರೇ ಸೂಚಿಸಿದರು. ಅವರ ಮೊಣಕಾಲೂ ಮಾತಾಡತೊಡಗಿತ್ತು. ಕಾಕಾ ಕೋಲು ಎತ್ತಿಕೊಂಡು, "ಇಷ್ಟ ದೂರ ಬಂದು ಬ್ಯಾಡಂದ್ರ ಹ್ಯಾಂಗ್ರೀ ಮಾಸ್ತರ?" ಎಂದು ಏರಲು ಶುರುಮಾಡಿಬಿಟ್ಟರು. ಈ ಸಲ ಅರ್ಧ ಗುಡ್ಡದಲ್ಲಿ ಕುಳಿತು ಮಾಸ್ತರರಿಗಾಗಿ ಕಾದೆವು. ಅಲ್ಲಿಂದ ಐಹೊಳೆಯ ಗುಡಿಗಳೆಲ್ಲ ಮನೆಗಳ ನಡುವೆ, ಹಿತ್ತಲುಗಳ ಆಚೆ, ಹೊಲದ ಬದುವಿಗೆ ಹರಡಿಕೊಂಡದ್ದು ಕಾಣುತ್ತದೆ. ಯಾವುದು ಗುಡಿ, ಯಾವುದು ಮನೆ ಎಂದು ಬೇರೆ ಮಾಡಲು ಹೊತ್ತು ಬೇಕು. ಹೊತ್ತು ಬೇಕಾದಷ್ಟಿತ್ತು.

ಮರಳುವಾಗ ಖಜಾಂಚಿ ಟಿಟಿಯ ದೀಪ ಹಾಕಿಸಿ ಲೆಕ್ಕ ಓದಿದರು. ಪಟ್ಟಿ ಎತ್ತಿದ್ದರಲ್ಲಿ ಸ್ವಲ್ಪ ಉಳಿದಿತ್ತು. ತಲೆಗಿಷ್ಟು ಎಂದು ಹಂಚಬೇಕು ಎಂದರು ಕೆಲವರು, ಡ್ರೈವರನೂ ಒಂದು ತಲೆಯೇ ಎಂದರು ವೈನಿ, ಮುಂದಿನ ಪ್ರವಾಸಕ್ಕೆ ಮುಂಗಡ ಇಡೋಣ ಎಂದರು ಮಾಸ್ತರರು. ಮುಂದೆ ಎಲ್ಲಿಗೆ? ಗೋಕಾಕ ಎಂದಿತು ಒಂದು ದನಿ: ಘಟಪ್ರಭೆ 52 ಮೀಟರ್ ಮೇಲಿನಿಂದ ಬೀಳುತ್ತದೆ, ಪಕ್ಕದಲ್ಲಿ ಹಳೆಯ ಗಿರಣಿ ಇದೆ, ಊರಲ್ಲಿ ಕರದಂಟು ಸಿಗುತ್ತದೆ, ನದಿಯ ಮೇಲೆ ತೂಗುಸೇತುವೆ ಇದೆ.

"ಸೇತುವೆ ಅಂದ್ರ ಮೆಟ್ಟಲಾ ಇರೂದಿಲ್ಲ, ಹೌದಲ್ಲ?" ಹಿಂದಿನ ಸೀಟಿನಿಂದ ಕಾಕಾ ಕೇಳಿದರು. ಇರಲಿಕ್ಕಿಲ್ಲ ಎಂದೆ. "ಹಂಗಾರ ನನ್ನ ಹೆಸರು ಮದ್ಲ ಬರಕೋರಿ. ಮುಂದಿನ ಸೀಟ."